ತೋರುವುದೂ ಮರೆಸುವುದೂ

ಹೊಸ್ತಿಲಿನ ಮೇಲೆ ಇರಿಸಿದ ದೀಪವು ಒಳಮನೆಯನ್ನೂ ಬೆಳಗುತ್ತದೆ, ಹೊರಜಗುಲಿಯನ್ನೂ ಬೆಳಗುತ್ತದೆ. ಒಂದೇ ವಸ್ತುವು ಎರಡು ಕಡೆಗೂ ಸಲ್ಲುವ ಸಂದರ್ಭದಲ್ಲಿ ಶಾಸ್ತ್ರಜ್ಞರು ಇದನ್ನು ದೇಹಲೀದೀಪನ್ಯಾಯವೆಂದು ಉದಾಹರಿಸುವುದುಂಟು. ದೀಪವಿಟ್ಟ ಗೃಹಿಣಿಗೆ ಅದರ ಬೆಳಕು ಎಲ್ಲಿಯವರೆಗೆ ಹರಿಯುವುದೆಂಬುದು ಗೊತ್ತಿರುತ್ತದೆ; ಆದುದರಿಂದ ಜಗುಲಿಯವರ ಕಣ್ಣಿಗೆ ಬೀಳಬಾರದುದನ್ನು ಆಕೆ ಮುಂಚಿತವಾಗಿಯೇ ಒಳಕೋಣೆಗೆ ಸೇರಿಸಿರುತ್ತಾಳೆ. ಈಗಿನ ಗೃಹಸ್ಥರ ಮನೆಗಳಲ್ಲಿಯೂ ಇಂತಹ ಹೊಸ್ತಿಲೊಂದು ಏರ್ಪಟ್ಟಿದೆ. ತೊಡೆಯ ಮೇಲಣ ಲ್ಯಾಪ್‌ಟಾಪಿನ ಸಣ್ಣ ಪರದೆಯು ಗೋಡೆಯ ಮೇಲಣ ಟೆಲಿವಿಷನ್ನಿನ ದೊಡ್ಡ ಪರದೆಯೊಡನೆ ತಂತಿಯ ನೆರವಿಲ್ಲದೆ ಕೂಡಿಕೊಂಡಾಗ, ಒಬ್ಬನ ಕಣ್ಣಿಗೆ ಮಾತ್ರ ಕಾಣುತ್ತಿದ್ದುದು ಮನೆಮಂದಿಗೆಲ್ಲ ಕಾಣತೊಡಗುತ್ತದೆ. ಇದರಿಂದ ಹಳೆಯ ಪ್ರಶ್ನೆಯೊಂದು ಹೊಸ ರೂಪದಲ್ಲಿ ಎದುರು ನಿಲ್ಲುತ್ತದೆ. ಮನೆಯವರೊಡನೆ ಬಾಳುವವನು ತನ್ನದೆಂಬುದನ್ನೆಲ್ಲ ಅವರಿಗೆ ತೋರಬೇಕೆ? ತೋರದೆ ಮರೆಸಿದರೆ ಅದು ಕಪಟವಾಗುವುದೆ?

ಪ್ರಶ್ನೆಯ ವಿಚಾರಕ್ಕೆ ಮೊದಲು ಈ ಕೂಟವು ನಡೆಯುವ ಬಗೆಯನ್ನು ತಿಳಿಯುವುದು ಯುಕ್ತ. ಹಿಂದೆ ಎರಡು ಯಂತ್ರಗಳನ್ನು ಕೂಡಿಸಬೇಕಾದರೆ ನಡುವೆ ತಂತಿಯನ್ನು ಎಳೆಯಬೇಕಾಗಿತ್ತು. ವೈಫೈ ಅಲಯನ್ಸ್ ಎಂಬ ಸಂಸ್ಥೆಯು 2012ರಲ್ಲಿ ಮಿರಾಕಾಸ್ಟ್ ಎಂಬ ಕ್ರಮವೊಂದನ್ನು ಬಳಕೆಗೆ ತಂದಿತು. ಈ ಕ್ರಮದಲ್ಲಿ ಲ್ಯಾಪ್‌ಟಾಪು ಮತ್ತು ಟೆಲಿವಿಷನ್ನುಗಳು ಮನೆಯ ಇಂಟರ್‌ನೆಟ್ಟಿನ ಪೆಟ್ಟಿಗೆಯನ್ನೂ ಆಶ್ರಯಿಸದೆ, ರೇಡಿಯೋ ಅಲೆಗಳ ಮೂಲಕ ಪರಸ್ಪರ ನೇರವಾಗಿ ಮಾತನಾಡಬಲ್ಲವು. ವಿಂಡೋಸ್ 10 ಅಥವಾ 11 ಇರುವ ಯಂತ್ರದಲ್ಲಿ ವಿಂಡೋಸ್ ಕೀಲಿಯನ್ನೂ ‘ಕೆ’ ಅಕ್ಷರದ ಕೀಲಿಯನ್ನೂ ಒಟ್ಟಿಗೆ ಒತ್ತಿದರೆ, ಸಮೀಪದಲ್ಲಿ ಇಂತಹ ಕೂಟಕ್ಕೆ ಸಿದ್ಧವಾಗಿರುವ ಪರದೆಗಳ ಹೆಸರುಗಳು ಸಾಲಾಗಿ ಕಾಣುತ್ತವೆ. ಬೇಕಾದುದನ್ನು ಆರಿಸಿದೊಡನೆ ಟೆಲಿವಿಷನ್ನು ಅನೇಕ ವೇಳೆ ಒಪ್ಪಿಗೆಯನ್ನು ಕೇಳುತ್ತದೆ, ಇಲ್ಲವೆ ಗುರುತಿನ ಸಂಖ್ಯೆಯೊಂದನ್ನು ತೋರಿಸಿ ಅದನ್ನು ಲ್ಯಾಪ್‌ಟಾಪಿನಲ್ಲಿ ಬರೆಯಿಸಿಕೊಳ್ಳುತ್ತದೆ. ಆಪಲ್ ಸಂಸ್ಥೆಯ ಯಂತ್ರಗಳಲ್ಲಿ ಏರ್‌ಪ್ಲೇ ಎಂಬ ಬೇರೊಂದು ಕ್ರಮವು ಇದೇ ಕೆಲಸವನ್ನು ಮಾಡುತ್ತದೆ.

ಅಲೆಯ ಮೇಲೆ ಸಾಗುವ ಹೊರೆ ಸಾಮಾನ್ಯವಾದುದಲ್ಲ. ಅಗಲಕ್ಕೆ 1920, ಎತ್ತರಕ್ಕೆ 1080 ಬಿಂದುಗಳುಳ್ಳ ಪರದೆಯಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಒಂದೊಂದು ಬಿಂದುವಿನ ಬಣ್ಣಕ್ಕೆ 24 ಬಿಟ್‌ಗಳಂತೆ, ಸೆಕೆಂಡಿಗೆ 60 ಸಲ ಚಿತ್ರವನ್ನು ಕಳುಹಿಸಬೇಕಾದರೆ, ಪ್ರತಿ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್‌ಗಳಾಗುತ್ತವೆ. ಇಷ್ಟನ್ನೂ ಇದ್ದಂತೆಯೇ ಹೊರಿಸಲಾಗದೆ, ಯಂತ್ರವು ಬದಲಾಗದ ಭಾಗವನ್ನು ಮತ್ತೆ ಕಳುಹಿಸದೆ, ಬದಲಾದುದನ್ನು ಮಾತ್ರ ಸಂಕ್ಷೇಪಿಸಿ ಅಲ್ಪಾಂಶವನ್ನಷ್ಟೇ ಕಳುಹಿಸುತ್ತದೆ. ಇತ್ತ ಬಾಣದ ಗುರುತು ಸರಿದ ಮೇಲೆ ಅತ್ತ ಗೋಡೆಯ ಮೇಲೆ ಅದು ಸರಿಯುವುದು ಒಂದು ಕ್ಷಣದ ಅಂಶದಷ್ಟು ತಡವಾಗುವುದಕ್ಕೆ ಈ ಸಂಕ್ಷೇಪ ಮತ್ತು ವಿಸ್ತಾರಗಳ ಕೆಲಸವೇ ಮುಖ್ಯ ಕಾರಣ.

ಇಲ್ಲಿ ಗಮನಿಸತಕ್ಕ ಭೇದವೊಂದಿದೆ. ಯೂಟ್ಯೂಬಿನಂತಹ ಕಡೆಯ ಚಿತ್ರವನ್ನು ‘ಕಾಸ್ಟ್’ ಮಾಡುವಾಗ, ಚಿತ್ರವು ಇರುವ ಠಾವನ್ನು ಮಾತ್ರ ಲ್ಯಾಪ್‌ಟಾಪು ತಿಳಿಸುತ್ತದೆ. ಟೆಲಿವಿಷನ್ನು ತಾನೇ ಇಂಟರ್‌ನೆಟ್ಟಿನಿಂದ ಅದನ್ನು ತಂದುಕೊಳ್ಳುತ್ತದೆ. ಪರದೆಯನ್ನೇ ಪ್ರತಿಬಿಂಬಿಸುವಾಗ ಹಾಗಲ್ಲ. ಕನ್ನಡಿಯ ಮುಂದೆ ನಿಂತವನ ಕುಂಕುಮವನ್ನು ಹೇಗೋ ಹಾಗೆಯೇ ಹಣೆಯ ಗಾಯವನ್ನೂ ಕನ್ನಡಿ ತೋರುವಂತೆ, ಸಣ್ಣ ಪರದೆಯಲ್ಲಿ ಆ ಕ್ಷಣಕ್ಕೆ ಏನೇನು ಮೂಡಿತೋ ಅದೆಲ್ಲವೂ ದೊಡ್ಡ ಪರದೆಯಲ್ಲಿ ಮೂಡುತ್ತದೆ. ಮೊದಲನೆಯದರಲ್ಲಿ ನೋಡತಕ್ಕ ವಸ್ತುವೊಂದೇ ತೋರುವುದು. ಎರಡನೆಯದರಲ್ಲಿ ನೋಡುವವನ ಬರೆಯುವ ಮೇಜೇ ಸಭೆಯ ನಡುವೆ ಬಂದಂತಾಗುವುದು.

ಕೂಡಿ ನೋಡುವುದರಲ್ಲಿ ಒಂದು ಶ್ರೇಯಸ್ಸು ಇದೆಯೆಂಬುದನ್ನು ಮರೆಯಲಾಗದು. 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷದ ಕಾಲ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ಮುಟ್ಟಿಸುವ ಪ್ರಯೋಗ ನಡೆಯಿತು. ಕರ್ನಾಟಕವೂ ಆ ಆರರಲ್ಲಿ ಒಂದಾಗಿತ್ತು. ಆಗ ಊರಿಗೊಂದು ಪೆಟ್ಟಿಗೆ. ಅದರ ಮುಂದೆ ಊರಿನವರೆಲ್ಲ ನೆಲದ ಮೇಲೆ ಕುಳಿತು ಒಂದನ್ನೇ ನೋಡುತ್ತಿದ್ದರು. ಅನಂತರ ಮನೆಗೊಂದು ಪೆಟ್ಟಿಗೆ ಬಂದಿತು. ಅದರ ಬಳಿಕ ಕೈಗೊಂದು ಪರದೆ ಬಂದು, ಒಂದೇ ಸೂರಿನ ಕೆಳಗೆ ನಾಲ್ವರು ನಾಲ್ಕು ಲೋಕಗಳನ್ನು ನೋಡುವಂತಾಯಿತು. ಈ ನಿಸ್ತಂತು ಕೂಟವು ಒಬ್ಬನ ಪರದೆಯನ್ನು ಮತ್ತೆ ನಾಲ್ವರ ನಡುವಿಗೆ ತರುವುದರಿಂದ, ಅಷ್ಟರ ಮಟ್ಟಿಗೆ ಅದು ಮನೆಯನ್ನು ಕೂಡಿಸುವ ಸಾಧನವೇ ಆಗಿದೆ. ಆದರೆ ಹಳ್ಳಿಯ ಪೆಟ್ಟಿಗೆಯಲ್ಲಿ ತೋರುತ್ತಿದ್ದುದು ಎಲ್ಲರಿಗಾಗಿಯೇ ಸಿದ್ಧವಾದುದು. ಲ್ಯಾಪ್‌ಟಾಪಿನಲ್ಲಿರುವುದಾದರೋ ಒಬ್ಬನ ಪತ್ರ, ಒಬ್ಬನ ಲೆಕ್ಕ, ಒಬ್ಬನ ನಂಬಿಕೆಗೆ ಮತ್ತೊಬ್ಬರು ಒಪ್ಪಿಸಿದ ಮಾತು.

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಗೃಹಸ್ಥನಿಗೆ ವೃದ್ಧಳಾದ ತಾಯಿ ಇದ್ದಾಳೆ. ಆಕೆಯ ದೃಷ್ಟಿ ಮಂದವಾಗಿ, ಸಣ್ಣ ಪರದೆಯ ಚಿತ್ರಗಳು ಕಾಣಿಸುವುದಿಲ್ಲ. ಮೊಮ್ಮಗಳ ಮದುವೆಯ ಚಿತ್ರಗಳನ್ನು ಆಕೆಗೆ ತೋರಬೇಕೆಂದು ಮಗನು ಒಂದು ಸಂಜೆ ಲ್ಯಾಪ್‌ಟಾಪನ್ನು ಟೆಲಿವಿಷನ್ನಿಗೆ ಕೂಡಿಸುತ್ತಾನೆ. ತಾಯಿ ಒಂದೊಂದು ಮುಖವನ್ನೂ ಗುರುತಿಸಿ ಹೆಸರು ಹಿಡಿದು ಕರೆದು ಹಿಗ್ಗುತ್ತಿರುವಾಗ, ಪರದೆಯ ಮೂಲೆಯಲ್ಲಿ ಸಂದೇಶವೊಂದು ಮೂಡುತ್ತದೆ. ಬೇರೆ ಊರಿನಲ್ಲಿರುವ ಸೋದರಿ ಬರೆದಿದ್ದಾಳೆ: ವೈದ್ಯರ ವರದಿ ಬಂದಿದೆ, ಶಸ್ತ್ರಚಿಕಿತ್ಸೆ ಆಗಬೇಕಂತೆ, ಅಮ್ಮನಿಗೆ ಈಗಲೇ ತಿಳಿಯುವುದು ಬೇಡ. ಅದರ ಬೆನ್ನಿಗೇ ಬ್ಯಾಂಕಿನಿಂದ ಇನ್ನೊಂದು ಓಲೆ: ಮನೆಯ ಪತ್ರದ ಮೇಲೆ ಪಡೆದ ಸಾಲದ ಮೂರನೆಯ ಕಂತೂ ಬಾಕಿಯಾಗಿದೆ. ಸಾಲದ ಸಂಗತಿ ಹೆಂಡತಿಗೆ ತಿಳಿಯದು. ಕನ್ನಡದಲ್ಲಿದ್ದ ಮೊದಲನೆಯದನ್ನು ತಾಯಿ ಓದಿದಳು. ಇಂಗ್ಲಿಷಿನಲ್ಲಿದ್ದ ಎರಡನೆಯದನ್ನು ಹೆಂಡತಿ ಓದಿದಳು. ತಾಯಿಯ ಸಂತೋಷಕ್ಕಾಗಿ ದೊಡ್ಡದು ಮಾಡಿದ ಅಕ್ಷರವೇ ತಾಯಿಯ ಕಣ್ಣೀರಿಗೂ ಕಾರಣವಾಯಿತು. ಹೆಂಡತಿ ಅತ್ತೆಯ ಮುಂದೆ ಏನನ್ನೂ ಆಡದೆ ಒಳಗೆ ಎದ್ದುಹೋದಳು.

ಇದನ್ನು ಕೇಳಿದವರಲ್ಲಿ ಎರಡು ಪಕ್ಷಗಳು ಹುಟ್ಟುವುದು ಸಹಜ. ಒಂದು ಪಕ್ಷದವರು, “ಶುದ್ಧನಾದವನಿಗೆ ಮರೆಯೇಕೆ? ಒಳಗೊಂದು ಹೊರಗೊಂದು ಇಲ್ಲದವನ ಪರದೆಯನ್ನು ಊರೇ ನೋಡಿದರೂ ಹಾನಿಯಿಲ್ಲ” ಎನ್ನುವರು. ಇನ್ನೊಂದು ಪಕ್ಷದವರು, “ಪ್ರತಿಯೊಬ್ಬನ ಪತ್ರವೂ ಲೆಕ್ಕವೂ ಅವನವನ ಸ್ವತ್ತು. ಅಕಸ್ಮಾತ್ತಾಗಿ ತೋರಿದ್ದೇ ತಪ್ಪು, ಇನ್ನು ಮುಂದೆ ತೋರದಂತೆ ಯಂತ್ರವನ್ನು ಬಿಗಿಮಾಡಿದರೆ ಸಾಕು” ಎನ್ನುವರು. ಎರಡರಲ್ಲಿಯೂ ಸ್ವಲ್ಪ ಸತ್ಯವುಂಟು, ಎರಡೂ ಪೂರ್ಣವಲ್ಲ.

ಮೊದಲನೆಯ ಪಕ್ಷವು ಸೋದರಿಯ ಪತ್ರದ ಮುಂದೆ ನಿಲ್ಲಲಾರದು. ಅಣ್ಣನಲ್ಲಿ ಯಾವ ದೋಷವೂ ಇಲ್ಲದಿದ್ದರೂ ಆ ಮಾತು ಮರೆಯಲ್ಲಿರತಕ್ಕದ್ದಾಗಿತ್ತು, ಏಕೆಂದರೆ ಅದು ಅವನದಲ್ಲ. ರೋಗವು ಆಕೆಯದು, ಅದನ್ನು ತಾಯಿಗೆ ತಿಳಿಸುವ ಕಾಲವನ್ನು ಆರಿಸುವ ಹಕ್ಕೂ ಆಕೆಯದು. ತನ್ನ ಬದುಕನ್ನು ಬಯಲಿಗೆ ಬಿಡಲು ಒಬ್ಬನು ಸ್ವತಂತ್ರನಾದರೂ, ತನ್ನಲ್ಲಿ ನಂಬಿಕೆಯಿಂದ ಇರಿಸಿದ ಪರರ ಮಾತನ್ನು ಬಯಲಿಗಿಡಲು ಅವನಿಗೆ ಅಧಿಕಾರವಿಲ್ಲ. ನ್ಯಾಸವಾಗಿ ಇಟ್ಟ ಒಡವೆಯನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಡುವವನನ್ನು ಯಾರೂ ಕಪಟಿ ಎನ್ನುವುದಿಲ್ಲ. ಈ ಮರೆಯ ಹೆಸರು ಮರ್ಯಾದೆ.

ಎರಡನೆಯ ಪಕ್ಷವು ಬ್ಯಾಂಕಿನ ಓಲೆಯ ಮುಂದೆ ನಿಲ್ಲಲಾರದು. ಸಾಲವು ಅವನ ಹೆಸರಿನಲ್ಲಿದ್ದರೂ ಅದರ ಭಾರವು ಅವನೊಬ್ಬನ ಮೇಲಿಲ್ಲ. ಮನೆ ಹೋದರೆ ಹೆಂಡತಿಯ ಸೂರೂ ಹೋಗುವುದು, ತಾಯಿಯ ಮಂಚವೂ ಬೀದಿಗೆ ಬರುವುದು. ಫಲವನ್ನು ಹಂಚಿಕೊಳ್ಳಬೇಕಾದವರಿಂದ ಕಾರಣವನ್ನು ಮುಚ್ಚಿಡುವುದು ಸ್ವತ್ತಿನ ರಕ್ಷಣೆಯಾಗದು. ಅವರಿಗೆ ಎಚ್ಚರಗೊಳ್ಳುವ, ಆಲೋಚನೆ ಹೇಳುವ, ಬೇಕಾದರೆ ತಡೆಯುವ ಅವಕಾಶವನ್ನೇ ಕಿತ್ತುಕೊಂಡಂತಾಗುತ್ತದೆ. ಅಪಮಾನದ ಭಯದಿಂದಲೋ, ಹೆಂಡತಿಯನ್ನು ನೋಯಿಸಬಾರದೆಂಬ ಪ್ರೀತಿಯಿಂದಲೋ ಇದು ಮೊದಲಾಗಿರಬಹುದು. ಆದರೆ ಮೊದಲಾದ ಬಗೆಯಿಂದ ಮುಂದುವರಿದ ಬಗೆಯು ನಿರ್ದೋಷವಾಗದು. ಈ ಮರೆಯ ಹೆಸರು ಕಪಟ.

ಹೀಗೆ ಎರಡು ಓಲೆಗಳೂ ಒಂದೇ ಯಂತ್ರದಲ್ಲಿ ಒಂದೇ ಬಗೆಯಾಗಿ ಮುಚ್ಚಿದ್ದವು, ಒಂದೇ ಮೂಲೆಯಲ್ಲಿ ಒಂದೇ ಅಳತೆಯಲ್ಲಿ ತೆರೆದುವು. ಆದರೂ ಅವುಗಳ ಗುಣ ಒಂದೇ ಅಲ್ಲ. ಮುಚ್ಚಿದ್ದೆಲ್ಲ ಪಾಪವೂ ಅಲ್ಲ, ತೆರೆದದ್ದೆಲ್ಲ ಪುಣ್ಯವೂ ಅಲ್ಲ. ಶರಣರ ನೀತಿಯಲ್ಲಿ ಅಂತರಂಗ ಬಹಿರಂಗಗಳು ಒಂದಾಗಿರಬೇಕೆಂಬುದರ ತಾತ್ಪರ್ಯವನ್ನು ಇಲ್ಲಿ ಎಚ್ಚರದಿಂದ ಗ್ರಹಿಸಬೇಕು. ಒಳಗಿರುವುದನ್ನೆಲ್ಲ ಹೊರಗೆ ಹರಡಬೇಕೆಂದು ಅದರ ಅರ್ಥವಲ್ಲ; ಹೊರಗಿನ ನಡೆಯನ್ನು ಸುಳ್ಳುಮಾಡುವಂತಹುದು ಒಳಗೆ ಇರಬಾರದೆಂದು ಅದರ ಅರ್ಥ. ಸೋದರಿಯ ಗುಟ್ಟನ್ನು ಕಾಯುವ ಅಣ್ಣನ ಹೊರನಡೆಯೂ ಒಳಬಗೆಯೂ ಪ್ರೀತಿಯೇ ಆಗಿವೆ. ಮನೆಯ ಯಜಮಾನನಂತೆ ಹೊರಗೆ ನಡೆಯುತ್ತ ಒಳಗೆ ಮನೆಯನ್ನೇ ಒತ್ತೆಯಿಟ್ಟವನಲ್ಲಿ ಆ ಎರಡರ ನಡುವೆ ಬಿರುಕು ಇದೆ. ಆದುದರಿಂದ ಮರೆಯೊಂದನ್ನು ಪರೀಕ್ಷಿಸಬೇಕಾದಾಗ ಒಂದೇ ಮಾತನ್ನು ಕೇಳಿಕೊಂಡರೆ ಸಾಕು: ಇದರಿಂದ ರಕ್ಷಿತರಾಗುವವರು ಯಾರು, ಇದರ ಬೆಲೆಯನ್ನು ತೆರುವವರು ಯಾರು?

ಈ ವಿವೇಕವನ್ನು ಯಂತ್ರದಿಂದ ನಿರೀಕ್ಷಿಸಲಾಗದು. ಅದು ಕೊಡಬಲ್ಲದ್ದು ಉಪಾಯಗಳನ್ನು ಮಾತ್ರ. ವಿಂಡೋಸ್ ಕೀಲಿಯೊಡನೆ ‘ಪಿ’ ಅಕ್ಷರವನ್ನು ಒತ್ತಿದರೆ ನಾಲ್ಕು ಮಾರ್ಗಗಳು ತೋರುತ್ತವೆ: ಲ್ಯಾಪ್‌ಟಾಪಿನಲ್ಲಿ ಮಾತ್ರ ತೋರುವುದು, ಎರಡರಲ್ಲಿಯೂ ಒಂದನ್ನೇ ತೋರುವುದು, ಎರಡನೆಯ ಪರದೆಯನ್ನು ಮೊದಲನೆಯದರ ವಿಸ್ತಾರವಾಗಿ ಮಾಡಿಕೊಳ್ಳುವುದು, ಎರಡನೆಯದರಲ್ಲಿ ಮಾತ್ರ ತೋರುವುದು. ಮೂರನೆಯ ಮಾರ್ಗವನ್ನು ಹಿಡಿದವನು ಮದುವೆಯ ಚಿತ್ರಗಳನ್ನು ಗೋಡೆಗೆ ಸರಿಸಿ, ಉಳಿದುದನ್ನು ತನ್ನ ಮುಂದೆಯೇ ಉಳಿಸಿಕೊಳ್ಳಬಹುದು. ಪರದೆಯನ್ನು ಪ್ರತಿಬಿಂಬಿಸುವ ಹೊತ್ತಿನಲ್ಲಿ ಸಂದೇಶಗಳು ಮೇಲೇಳದಂತೆ ತಡೆಯುವ ಏರ್ಪಾಡೂ ಅದರಲ್ಲಿ ಇದೆ. ಪರರ ಮಾತನ್ನು ಕಾಯುವ ಹೊಣೆಯುಳ್ಳವನು ಇವನ್ನು ಕಲಿತುಕೊಳ್ಳದಿದ್ದರೆ, ಅವನ ಅಜ್ಞಾನವೂ ಪ್ರಮಾದವೇ ಆಗುತ್ತದೆ. ಬೀಗದ ಬಳಕೆ ತಿಳಿಯದವನು ನ್ಯಾಸದ ಒಡವೆಯನ್ನು ಇಟ್ಟುಕೊಳ್ಳಬಾರದಷ್ಟೆ. ಆದರೆ ಅದೇ ಏರ್ಪಾಡು ಬ್ಯಾಂಕಿನ ಓಲೆಯನ್ನೂ ಅಷ್ಟೇ ಭದ್ರವಾಗಿ ಮುಚ್ಚಿಡುವುದೆಂಬುದನ್ನು ಮರೆಯಬಾರದು. ಮರ್ಯಾದೆಗೂ ಕಪಟಕ್ಕೂ ಬೀಗ ಒಂದೇ. ಭೇದವಿರುವುದು ಕೀಲಿಯನ್ನು ಹಿಡಿದ ಕೈಯಲ್ಲಿ.

ಇನ್ನೊಂದು ಸಂಗತಿಯೂ ವಿಚಾರಾರ್ಹವಾಗಿದೆ. ರೇಡಿಯೋ ಅಲೆಗೆ ಗೋಡೆಯ ಹಂಗು ಕಡಿಮೆ. ಒಂದಕ್ಕೊಂದು ಅಂಟಿದ ಮನೆಗಳಲ್ಲಿ ಪರದೆಗಳ ಪಟ್ಟಿಯನ್ನು ತೆರೆದರೆ ನೆರೆಮನೆಯ ಟೆಲಿವಿಷನ್ನಿನ ಹೆಸರೂ ಅದರಲ್ಲಿ ಕಾಣಬಹುದು. ಕೈತಪ್ಪಿ ಅದನ್ನು ಆರಿಸಿದರೆ, ಅಲ್ಲಿ ತಡೆಯಿಲ್ಲದಿದ್ದ ಪಕ್ಷದಲ್ಲಿ, ಒಂದು ಮನೆಯ ಪತ್ರ ಮತ್ತೊಂದು ಮನೆಯ ನಡುಮನೆಯಲ್ಲಿ ತೆರೆದುಕೊಳ್ಳುವುದು. ಗುರುತಿನ ಸಂಖ್ಯೆಯನ್ನು ಕೇಳುವ ಪದ್ಧತಿ ಇರುವುದು ಇದಕ್ಕಾಗಿಯೇ. ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಕರೆಯದೆ ಒಳಹೊಗುವುದು ಸಜ್ಜನರ ಪದ್ಧತಿಯಲ್ಲ. ಹಾಗೆಯೇ, ತಪ್ಪಿ ಬಂದ ಪತ್ರವನ್ನು ಓದುತ್ತ ಕುಳಿತುಕೊಳ್ಳುವುದೂ ಪದ್ಧತಿಯಲ್ಲ. ತೋರುವವನಿಗೆ ಎಷ್ಟು ಎಚ್ಚರ ಬೇಕೋ ನೋಡುವವನಿಗೂ ಅಷ್ಟೇ ಸಂಯಮ ಬೇಕು. ಹೆಂಡತಿಯು ಅತ್ತೆಯ ಮುಂದೆ ಸಾಲದ ಮಾತೆತ್ತದೆ ಒಳಗೆ ಹೋದಳೆಂಬಲ್ಲಿ ಆ ಸಂಯಮವು ಕಾಣುತ್ತದೆ. ಆಕೆ ಮುಚ್ಚಿದ್ದೂ ಒಂದು ಮರೆಯೇ. ಆದರೆ ಅದರ ಬೆಲೆಯನ್ನು ಆಕೆ ತಾನೇ ತೆತ್ತಳು.

ಭಾವಿಸಿಕೊಂಡ ಆ ಮನೆಯಲ್ಲಿ ಮುಂದೆ ಏನು ನಡೆಯಬೇಕು? ಗೃಹಸ್ಥನು ಯಂತ್ರವನ್ನು ದೂಷಿಸಬಹುದು. ಇಂತಹ ಕೂಟವೇ ಬೇಡವೆಂದು ಮತ್ತೆಂದೂ ಕೂಡಿಸದಿರಬಹುದು. ಆಗ ತಾಯಿಗೆ ಮೊಮ್ಮಗಳ ಮುಖವೂ ಕಾಣದಂತಾಗುವುದು, ಬಿರುಕೂ ಹಾಗೆಯೇ ಉಳಿಯುವುದು. ವಿವೇಕಿಯಾದವನು ಹೀಗೆ ಮಾಡುವನು. ಆ ರಾತ್ರಿಯೇ ಸೋದರಿಗೆ ಕರೆಮಾಡಿ, ತನ್ನ ಅಜಾಗರೂಕತೆಯಿಂದ ತಾಯಿಗೆ ತಿಳಿದುಹೋಯಿತೆಂದು ಒಪ್ಪಿಕೊಂಡು ಕ್ಷಮೆ ಕೇಳುವನು. ಬಳಿಕ ತಾಯಿಯ ಬಳಿ ಕುಳಿತು, ಆಕೆ ಮಗಳೊಡನೆ ನೇರವಾಗಿ ಮಾತನಾಡುವಂತೆ ಮಾಡುವನು. ತಾಯಿ ಮಲಗಿದ ಮೇಲೆ ಲ್ಯಾಪ್‌ಟಾಪನ್ನು ಹೆಂಡತಿಯ ಮುಂದೆ ಇಟ್ಟು, ಸಾಲವು ಎಷ್ಟು, ಯಾವಾಗ, ಯಾತಕ್ಕೆ ಎಂಬುದನ್ನು ಮೊದಲಿನಿಂದ ಹೇಳುವನು. ಆಕಸ್ಮಿಕವಾಗಿ ಬಯಲಾದುದನ್ನು ಬಾಯಾರೆ ಹೇಳುವುದರಿಂದ ಏನು ಬಂದಂತಾಯಿತೆಂದು ಕೇಳುವವರಿರಬಹುದು. ಪರದೆ ತೋರಿದ್ದು ಬಾಕಿಯನ್ನು ಮಾತ್ರ. ತಪ್ಪನ್ನು ತನ್ನದೆಂದು ಒಪ್ಪುವ ಶಕ್ತಿ ಪರದೆಗಿಲ್ಲ. ಹೆಂಡತಿ ಒಡನೆಯೇ ಕ್ಷಮಿಸುವಳೆಂದು ಹೇಳಲಾಗದು; ಕ್ಷಮೆಯನ್ನು ಬೆಲೆಯಾಗಿ ಎಣಿಸಿ ಸತ್ಯವನ್ನು ಹೇಳುವುದೂ ವ್ಯಾಪಾರವೇ ಆದೀತು.

ಟೆಲಿವಿಷನ್ನು ಅಷ್ಟು ಹೊತ್ತಿಗೆ ಆರಿರುತ್ತದೆ. ಆ ಲೆಕ್ಕವನ್ನು ಓದುವುದಕ್ಕೆ ದೊಡ್ಡ ಪರದೆ ಬೇಕಾಗುವುದಿಲ್ಲ; ಇಬ್ಬರೂ ಒಂದೇ ಕಡೆ ಕುಳಿತರೆ ಸಣ್ಣದೇ ಸಾಕಾಗುತ್ತದೆ.