ಊದುಗೊಳವೆಯ ನ್ಯಾಯ

ಅಜ್ಜಿ ಇದ್ದಷ್ಟು ದಿನ ನಮ್ಮ ಒಲೆಯ ಪಕ್ಕದಲ್ಲಿ ಒಂದು ಊದುಗೊಳವೆ ಇರುತ್ತಿತ್ತು. ಹಸಿ ಸೌದೆ ಹೊಗೆಯಾಡಿದರೆ ಅದನ್ನು ಬಾಯಿಗಿಟ್ಟು ಊದಬೇಕು. ಗ್ಯಾಸ್ ಬಂದ ಮೇಲೆ ಅದು ಅಟ್ಟ ಸೇರಿತು. ಈಗ ಊದುವ ಕೆಲಸ ಅಡುಗೆಮನೆ ಬಿಟ್ಟು ಹೆದ್ದಾರಿಗೆ ಬಂದಿದೆ.

ಕೆಲವು ವರ್ಷಗಳ ಹಿಂದೆ ಒಂದು ಆರತಕ್ಷತೆ ಮುಗಿಸಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ರಸ್ತೆಯಲ್ಲಿ ಮನೆಗೆ ಹೊರಟಿದ್ದೆವು. ಯಾವ ರಸ್ತೆ, ಯಾವ ಠಾಣೆಯವರು ಎಂಬುದು ಇಲ್ಲಿ ಮುಖ್ಯವಲ್ಲ. ರಾತ್ರಿ ಹನ್ನೊಂದು ದಾಟಿತ್ತು. ತಿರುವಿನಲ್ಲಿ ಬ್ಯಾರಿಕೇಡ್. ನಮ್ಮ ಮುಂದೆ ಖಾಲಿ ಕ್ರೇಟುಗಳನ್ನು ಹೇರಿಕೊಂಡ ಒಂದು ತರಕಾರಿ ಟೆಂಪೊ. ‘ಊದೋ... ಜೋರಾಗಿ ಊದೋ’ ಎಂದಿತು ಕತ್ತಲೆಯ ದನಿ. ಅವನು ಮೂರು ಸಲ ಊದಿದ. ಏನೂ ಬರಲಿಲ್ಲ. ಕಳಿಸಿದರು. ಮುಂದಿನ ಸರದಿ ನಮ್ಮದು. ಟಾರ್ಚ್ ಬೆಳಕು ಹಿಂದಿನ ಸೀಟಿನಲ್ಲಿದ್ದ ಅತ್ತೆಯವರ ರೇಷ್ಮೆ ಸೀರೆಯ ಮೇಲೆ, ಅವರ ಮಡಿಲಲ್ಲಿದ್ದ ತಾಂಬೂಲದ ಚೀಲದ ಮೇಲೆ ಹಾದುಹೋಯಿತು. ‘ಹೋಗಿ ಸಾರ್, ಹೋಗಿ.’ ಸ್ಟೀರಿಂಗ್ ಹಿಡಿದಿದ್ದ ನನ್ನ ಭಾವಮೈದುನ ಛತ್ರದ ಹಿಂದುಗಡೆ ಎರಡು ಪೆಗ್ ಹಾಕಿಕೊಂಡು ಬಂದಿದ್ದ. ಅದು ನನಗೆ ಗೊತ್ತಿತ್ತು. ನಾನೂ ಸುಮ್ಮನಿದ್ದೆ.

ಕುಡಿಯದವನಿಗೆ ಏಕವಚನ, ಕುಡಿದವನಿಗೆ ಬಹುವಚನ. ಸಂಚಾರ ತಪಾಸಣೆ ಮತ್ತು ನಾಗರಿಕ ಸ್ವಾತಂತ್ರ್ಯದ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಆ ಎರಡು ವಾಕ್ಯಗಳ ನಡುವಿನ ಅಂತರವನ್ನು ಅರ್ಥಮಾಡಿಕೊಳ್ಳುವ ಪ್ರಯತ್ನವೇ.

ಕಾಯ್ದೆ ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮೊದಲು ಈ ದಂಡ 2,000 ಇತ್ತು. ಇದು ಎಲ್ಲರಿಗೂ ಗೊತ್ತಿರುವ ಭಾಗ. ಅಷ್ಟಾಗಿ ಗೊತ್ತಿಲ್ಲದ್ದು 203ನೇ ಸೆಕ್ಷನ್. ಸಮವಸ್ತ್ರದಲ್ಲಿರುವ ಅಧಿಕಾರಿ ಚಾಲಕನನ್ನು ಊದು ಎಂದು ಕೇಳಬಹುದು, ಆದರೆ ಅವನು ಕುಡಿದಿದ್ದಾನೆಂದು ಅನುಮಾನಿಸಲು ಸಕಾರಣ ಇರಬೇಕು. ಬಂಧಿಸಿದರೆ, 202ನೇ ಸೆಕ್ಷನ್ ಪ್ರಕಾರ, ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಟ್ಟುಬಿಡಬೇಕು. ಅಂದರೆ ಕಾಯ್ದೆಯ ಕಣ್ಣಿನಲ್ಲಿ ಮೊದಲು ಅನುಮಾನ, ಆಮೇಲೆ ಕೊಳವೆ. ರಸ್ತೆಯಲ್ಲಿ ನಡೆಯುವುದು ಉಲ್ಟಾ: ಕೊಳವೆ ಊದಿಸಿದ ಮೇಲೆಯೇ ಅನುಮಾನ ಹುಟ್ಟುತ್ತದೆ.

2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಒಂದು ಮಾತನ್ನು ಸ್ಪಷ್ಟಪಡಿಸಿದರು. ಬರಿಗಣ್ಣಿಗೆ ಕಾಣುವ ನಿಯಮ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡಲೆಂದು ಯಾವ ಗಾಡಿಯನ್ನೂ ತಡೆಯಬಾರದು. ಕುಡಿದು ಓಡಿಸುವುದೊಂದೇ ಅಪವಾದ. ಜನ ಖುಷಿಪಟ್ಟರು, ನಾನೂ ಪಟ್ಟೆ. ಆದರೆ ಆ ಅಪವಾದದ ಹತ್ತಿರ ಸ್ವಲ್ಪ ನಿಲ್ಲಬೇಕು. ಹೆಲ್ಮೆಟ್ ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ರಕ್ತದಲ್ಲಿರುವ ಮದ್ಯ ಕಾಣುವುದಿಲ್ಲ. ಹಾಗಾಗಿ ಅಪವಾದಕ್ಕೆ ಅರ್ಥವಿದೆ. ಆದರೆ ಅನುಮಾನಕ್ಕೆ ಕಾರಣ ಬೇಕೇ ಬೇಕು ಎಂದು ಸಂಸತ್ತು ಬರೆದಿಟ್ಟಿರುವುದೂ ಇದೇ ಅಪರಾಧದ ಪರೀಕ್ಷೆಗೆ.

ಸ್ವಾತಂತ್ರ್ಯವಾದಿಗಳ ಉತ್ತರ ಸರಳ: ಅನುಮಾನವಿಲ್ಲದೆ ಯಾರನ್ನೂ ತಡೆಯಬೇಡಿ. ಇದರ ದೊಡ್ಡ ವಾದ ನಡೆದದ್ದು ಅಮೆರಿಕದಲ್ಲಿ. ಮಿಷಿಗನ್ ರಾಜ್ಯದ ಪೊಲೀಸರು ಒಂದು ರಾತ್ರಿ 126 ಗಾಡಿಗಳನ್ನು ತಡೆದರು, ಒಂದೊಂದಕ್ಕೆ ಸರಾಸರಿ 25 ಸೆಕೆಂಡ್. ಸಿಕ್ಕಿಬಿದ್ದವರು ಇಬ್ಬರು. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಆರಕ್ಕೆ ಮೂರರಂತೆ ಒಪ್ಪಿತು. ತಮಾಷೆಯೆಂದರೆ, ಪ್ರಕರಣ ವಾಪಸ್ ಹೋದಾಗ ಮಿಷಿಗನ್ ರಾಜ್ಯದ ಕೋರ್ಟೇ ನಮ್ಮ ಸಂವಿಧಾನ ಇದಕ್ಕೆ ಒಪ್ಪುವುದಿಲ್ಲ ಎಂದಿತು. ಇಬ್ಬರಿಗಾಗಿ 124 ಮಂದಿಯನ್ನು ನಿಲ್ಲಿಸಿದ್ದು ಸರಿಯೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ಆದರೆ ಆ ರಾತ್ರಿಯ ಟಾರ್ಚ್ ನೆನಪಾಗುತ್ತದೆ. ಅನುಮಾನವಿದ್ದರೆ ಮಾತ್ರ ತಡೆಯಿರಿ ಎನ್ನುವುದು ಪುಸ್ತಕದಲ್ಲಿ ನಾಗರಿಕನಿಗೆ ರಕ್ಷಣೆ. ಕತ್ತಲೆಯ ರಸ್ತೆಯಲ್ಲಿ ಅದೇ ಪೇದೆಗೆ ಆಯ್ಕೆಯ ಅಧಿಕಾರ. ಅನುಮಾನಕ್ಕೆ ಮೂಗೊಂದೇ ಅಲ್ಲ, ಕಣ್ಣೂ ಇದೆ. ಆ ಕಣ್ಣಿಗೆ ಜಾತಿ, ಬಟ್ಟೆ, ಗಾಡಿಯ ಬೆಲೆ ಎಲ್ಲ ಕಾಣುತ್ತದೆ. ಹೊಸಕೋಟೆ ಬಿರಿಯಾನಿಗೆಂದು ಬೆಳಗಿನ ಜಾವ ಬೈಕ್ ಹತ್ತಿ ಬಂದ ಹುಡುಗ, ನೈಟ್ ಶಿಫ್ಟ್ ಮುಗಿಸಿ ದೊಡ್ಡಬಳ್ಳಾಪುರಕ್ಕೆ ಮರಳುತ್ತಿರುವ ಮಗ್ಗದ ಕೆಲಸಗಾರ, ಕೆಂಪಗಾದ ಕಣ್ಣಿನ ಲಾರಿ ಡ್ರೈವರ್: ಅನುಮಾನ ಸುಲಭವಾಗಿ ಇವರ ಮೇಲೆ ಬೀಳುತ್ತದೆ. ರೇಷ್ಮೆ ಸೀರೆ ಕೂತಿರುವ ಕಾರಿನ ಮೇಲೆ ಬೀಳುವುದಿಲ್ಲ. ಹಾಗಾಗಿ ಟೆಂಪೊದವನಿಗೆ ಆದ ಅವಮಾನ ಊದಿದ್ದರಿಂದ ಆದದ್ದಲ್ಲ. ಅವನನ್ನು ಆರಿಸಿದರು, ನಮ್ಮನ್ನು ಬಿಟ್ಟರು. ಅವಮಾನ ಇರುವುದು ಅಲ್ಲಿ.

ಇದಕ್ಕೆ ಪುರಾವೆ ನಮ್ಮ ಜಿಲ್ಲೆಯಲ್ಲೇ ಇದೆ. ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಹಾರಾಟಕ್ಕೆ ಮೊದಲು ಪೈಲಟ್ ಊದಿಯೇ ಹೊರಡಬೇಕು. ಡಿಜಿಸಿಎ ನಿಯಮದಲ್ಲಿ ಅಲ್ಲಿ 30 ಮಿ.ಗ್ರಾಂನ ರಿಯಾಯಿತಿಯೂ ಇಲ್ಲ. ಮೂವತ್ತು ವರ್ಷ ಸರ್ವೀಸ್ ಆದ ಕ್ಯಾಪ್ಟನ್ ‘ನನ್ನನ್ನೇ ಅನುಮಾನಿಸುತ್ತೀರಾ’ ಎಂದು ಜಗಳ ತೆಗೆಯುವುದಿಲ್ಲ, ಏಕೆಂದರೆ ಅವನನ್ನು ಯಾರೂ ಅನುಮಾನಿಸಿಲ್ಲ. ಎಲ್ಲರ ಸರದಿಯಲ್ಲಿ ಅವನದೂ ಒಂದು. ಅದೇ ಗೇಟಿನ ಹೊರಗೆ ಕ್ಯಾಬ್ ಓಡಿಸುವವನಿಗೆ ಈ ಮರ್ಯಾದೆ ಏಕಿಲ್ಲ?

ಆದ್ದರಿಂದ ನನ್ನ ನಿಲುವು ಸ್ವಾತಂತ್ರ್ಯವಾದಿ ಗೆಳೆಯರಿಗೆ ಒಗ್ಗದೆ ಹೋಗಬಹುದು: ಯಾರನ್ನೂ ಆರಿಸದ ತಪಾಸಣೆ, ಅನುಮಾನದ ತಪಾಸಣೆಗಿಂತ ಹೆಚ್ಚು ಸ್ವಾತಂತ್ರ್ಯ ಕೊಡುತ್ತದೆ. ಆದರೆ ಅದನ್ನು ಕಾಯ್ದೆಯಲ್ಲೇ ಬರೆಯಬೇಕು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ 1982ರಲ್ಲಿ ಬರೆಯಿತು, ಕೆನಡಾ 2018ರಲ್ಲಿ ಬರೆಯಿತು. ನಾವು ಕಾಯ್ದೆಯಲ್ಲಿ ಅನುಮಾನ ಎಂದು ಇಟ್ಟುಕೊಂಡು ರಸ್ತೆಯಲ್ಲಿ ಬ್ಯಾರಿಕೇಡ್ ಇಟ್ಟಿದ್ದೇವೆ. ಇವೆರಡರ ನಡುವಿನ ಸಂದಿಯಲ್ಲೇ ಚೌಕಾಸಿ, ವಶೀಲಿ, ‘ಯಾರಿಗಾದರೂ ಫೋನ್ ಮಾಡ್ತೀನಿ ಇರಿ’ ಎಲ್ಲ ಬೆಳೆಯುತ್ತವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟ್ ಅದಕ್ಕೆ ಕೈಹಾಕುವ ಸರ್ಕಾರ ಮೊದಲು ದಾಟಬೇಕಾದ ಹೊಸ್ತಿಲನ್ನೂ ಹೇಳಿತು: ಕಾನೂನಿನ ಆಧಾರ ಇರಬೇಕು. ಡಿಜಿಪಿಯ ಮಾತು ಎಷ್ಟೇ ಒಳ್ಳೆಯದಿರಲಿ, ಅದು ಕಾನೂನಲ್ಲ.

ಇಲ್ಲಿ ಕೆಲವರು ಲೈಸೆನ್ಸ್ ತೆಗೆಸುತ್ತಾರೆ. ‘ಗಾಡಿ ಓಡಿಸುವುದು ಹಕ್ಕಲ್ಲ, ಸರ್ಕಾರ ಕೊಟ್ಟ ಸವಲತ್ತು, ಡಿಎಲ್ ತಗೊಂಡಾಗಲೇ ಊದಲು ಒಪ್ಪಿದ್ದೀರಿ’ ಎನ್ನುತ್ತಾರೆ. ಇದು ಮೆಟ್ರೊ ಪಕ್ಕದಲ್ಲಿ ಮನೆ ಇರುವವರ ಮಾತು. ಕೊನೆಯ ಬಸ್ಸು ಹೋದ ಮೇಲೆ ದೊಡ್ಡಬಳ್ಳಾಪುರದ ಒಳಹಳ್ಳಿಗೆ ಹೋಗಬೇಕಾದವನಿಗೆ ಬೈಕ್ ಸವಲತ್ತಲ್ಲ, ಕಾಲು. ಬೇಡ ಎನ್ನಲು ಆಗದ್ದಕ್ಕೆ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯಬಾರದು. ಊದಿಸಲು ಸಾಕಾಗುವ ಕಾರಣ ಬೇರೆಯೇ ಇದೆ: ಅದೇ ರಸ್ತೆಯ ಅಂಚಿನಲ್ಲಿ ಹಾಲಿನ ಡೈರಿಗೆ ಕ್ಯಾನ್ ಹಿಡಿದು ನಡೆಯುವವರ ಜೀವ.

ಸಗಟು ಮದ್ಯವನ್ನು ತನ್ನದೇ ಪಾನೀಯ ನಿಗಮದ ಮೂಲಕ ಮಾರುವ ಸರ್ಕಾರವೇ ರಾತ್ರಿ ಊದಿಸುತ್ತದಲ್ಲ ಎಂಬ ಆಕ್ಷೇಪವೂ ಇದೆ. ಹೆದ್ದಾರಿಯ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂದು 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಹಲವು ರಾಜ್ಯಗಳು ಅಂಗಡಿ ಸರಿಸುವ ಬದಲು ಹೆದ್ದಾರಿಯ ಹೆಸರನ್ನೇ ಅಳಿಸಲು ಹೊರಟದ್ದು ನೆನಪಿದೆ. ಇದು ಸರ್ಕಾರದ ಮುಖಕ್ಕೆ ಬಳಿದ ಮಸಿ, ನಿಜ. ಆದರೆ ಅದರಿಂದ ಕುಡಿದವನ ಬ್ರೇಕ್ ಬೇಗ ಹಿಡಿಯುವುದಿಲ್ಲ.

ತಡೆಯುವ ರೀತಿಯ ಬಗ್ಗೆ ಒಂದು ಮಾತು. 2025ರ ಮೇನಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ಪೊಲೀಸರು ಬೈಕ್ ತಡೆದರು. ನಾಯಿ ಕಚ್ಚಿದ ಮಗುವನ್ನು ಅಪ್ಪ ಅಮ್ಮ ಆಸ್ಪತ್ರೆಗೆ ಒಯ್ಯುತ್ತಿದ್ದರು. ಮಗು ಕೆಳಗೆ ಬಿತ್ತು, ಲಾರಿ ಹರಿಯಿತು. ಮೂವರು ಎಎಸ್‌ಐಗಳ ಅಮಾನತಾಯಿತು. ಗಾಡಿಗೆ ದಿಢೀರನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಎಂಬ ಮಾರ್ಗಸೂಚಿ ಆಮೇಲೆ ಹೊರಟಿತು. ಜೀವ ಉಳಿಸುವ ಹೆಸರಿನ ತಪಾಸಣೆಯೇ ಜೀವ ತೆಗೆದರೆ ಅದರ ಲೆಕ್ಕವನ್ನು ಯಾವ ಅಂಕಿಅಂಶದಲ್ಲಿ ಸೇರಿಸಬೇಕು?

ನನ್ನ ವಕೀಲ ಗೆಳೆಯನೊಬ್ಬ ಇಷ್ಟನ್ನೂ ಕೇಳಿ, ‘ಇವತ್ತು ಎಲ್ಲರ ಉಸಿರು, ನಾಳೆ ಎಲ್ಲರ ಫೋನು’ ಎಂದ. ಅವನ ಹೆದರಿಕೆ ಹುಸಿಯಲ್ಲ. 2021ರಲ್ಲಿ ಹೈದರಾಬಾದಿನಲ್ಲಿ ಗಾಂಜಾ ಹುಡುಕಲೆಂದು ಪೊಲೀಸರು ದಾರಿಹೋಕರ ವಾಟ್ಸ್‌ಆ್ಯಪ್ ತೆಗೆಸಿ ನೋಡಿದ್ದರು. ವ್ಯತ್ಯಾಸ ಇಲ್ಲಿದೆ: ಕೊಳವೆ ಕೇಳುವುದು ಒಂದೇ ಪ್ರಶ್ನೆ, ಈ ಗಳಿಗೆ ಈ ರಸ್ತೆಯಲ್ಲಿ ನೀನು ಮಾಡುತ್ತಿರುವ ಕೆಲಸದ ಬಗ್ಗೆ. ಸೊನ್ನೆ ಬಂದರೆ ಮಾತು ಅಲ್ಲಿಗೆ ಮುಗಿಯಬೇಕು. ಡಿಕ್ಕಿ ತೆಗೆ, ಬ್ಯಾಗ್ ತೋರಿಸು ಎಂದು ಬೆಳೆಯಬಾರದು. ಅಮೆರಿಕದ ಅದೇ ಸುಪ್ರೀಂ ಕೋರ್ಟ್ 2000ದಲ್ಲಿ ಮಾದಕ ವಸ್ತು ಹುಡುಕುವ ರಸ್ತೆ ತಡೆಯನ್ನು ಒಪ್ಪಲಿಲ್ಲ. ನೆಲಮಂಗಲದ ಟೋಲಿನಲ್ಲಿ ನಮ್ಮ ಫಾಸ್ಟ್‌ಟ್ಯಾಗ್ ನಾವು ಹಾದ ಹೊತ್ತನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ; ಅದಕ್ಕೆ ಯಾರೂ ಚಕಾರ ಎತ್ತುವುದಿಲ್ಲ ಎಂಬುದೂ ಒಂದು ವಿಚಿತ್ರ.

ಕಾಯ್ದೆಯಲ್ಲಿ ಏನು ಬರೆಯಬೇಕೆಂದು ಗೆಳೆಯ ಕೇಳಿದ. ಜಾಗವನ್ನು ಮೇಲಧಿಕಾರಿ ಮೊದಲೇ ಲಿಖಿತವಾಗಿ ಗೊತ್ತುಮಾಡಲಿ. ಹೊಸ ಕೊಳವೆಯನ್ನು ಚಾಲಕನ ಎದುರೇ ಪ್ಯಾಕೆಟ್ ಹರಿದು ತೆಗೆಯಲಿ. ಸಿಕ್ಕವರ ಜೊತೆಗೆ, ಸೊನ್ನೆ ಬಂದವರ ಸಂಖ್ಯೆಯನ್ನೂ ಹೆಸರಿಲ್ಲದೆ ಬರೆದಿಡಲಿ. ‘ಊದೋ ಅನ್ನಬಾರದು, ಊದಿ ಅನ್ನಬೇಕು ಅಂತಲೂ ಸೇರಿಸ್ತೀಯಾ?’ ಎಂದು ನಕ್ಕ. ಅದನ್ನು ಬರೆಯಲು ಬರುವುದಿಲ್ಲ. ಆದರೆ ಪ್ರತಿ ಐದನೆಯ ಗಾಡಿ, ಯಾರದ್ದಾದರೂ ಸರಿ, ಎಂದು ಬರೆಯಬಹುದು. ಹಾಗೆ ಬರೆದಿದ್ದರೆ ಅವತ್ತು ನಾಲ್ಕನೆಯದು ಟೆಂಪೊ, ಐದನೆಯದು ನಮ್ಮ ಕಾರು ಆಗಿರಬಹುದಿತ್ತು.