ಮುತ್ತಜ್ಜನ 160 ಎಕರೆ

ನಮ್ಮ ಪಕ್ಕದ ಮನೆಯ ಅಜ್ಜಿಗೆ ಈಗ 81 ವರ್ಷ. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಪ್ಪಟ ಅಮೆರಿಕನ್ ಹೆಂಗಸಾದರೂ ನಮ್ಮ ಮಕ್ಕಳು ಅವರನ್ನು ಕನ್ನಡದಲ್ಲೇ 'ಅಜ್ಜಿ' ಎಂದು ಕೂಗುತ್ತಾರೆ, ಅವರೂ ಓಗೊಡುತ್ತಾರೆ. ನಾವಿರುವುದು ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಿನಲ್ಲಿ. ಎರಡು ವರ್ಷದ ಹಿಂದೆ ಅಜ್ಜಿಯ ಕಣ್ಣು ಮಂಜಾಗತೊಡಗಿ, ಅವರು ಬಹುಕಾಲದಿಂದ ಹಚ್ಚಿಕೊಂಡಿದ್ದ ಕೆಲಸವೊಂದು ಅರ್ಧಕ್ಕೆ ನಿಂತಿತು. ತಮ್ಮ ತಂದೆಯ ಕಡೆಯ ವಂಶಾವಳಿಯನ್ನು ಪುಸ್ತಕ ಮಾಡಿ, ಮನೆತನದವರೆಲ್ಲ ಸೇರುವ ಬೇಸಿಗೆಯ ಕೂಟದಲ್ಲಿ ಹಂಚಬೇಕೆಂಬುದು ಅವರ ಆಸೆ. "ನೀನು ಓದು, ನಾನು ಹೇಳುತ್ತೇನೆ, ನೀನೇ ಟೈಪ್ ಮಾಡು" ಎಂದರು. ಹೀಗೆ ನನ್ನ ಶನಿವಾರದ ಮಧ್ಯಾಹ್ನಗಳು ನನಗೆ ಸಂಬಂಧವೇ ಇಲ್ಲದ ಒಂದು ಕುಟುಂಬದ ಹಿಂದೆ ಅಲೆಯುವುದರಲ್ಲಿ ಕಳೆದವು.

ಅಮೆರಿಕದಲ್ಲಿ ವಂಶ ಹುಡುಕುವವರಿಗೆ ದೊಡ್ಡ ಆಸರೆ ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ. 1850ಕ್ಕೆ ಮೊದಲಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತಿತ್ತು, ಉಳಿದವರು ಬರೀ ಸಂಖ್ಯೆ. 1850ರಿಂದ ಮನೆಯಲ್ಲಿದ್ದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬರೆಯತೊಡಗಿದರು. ಗುಲಾಮರಿಗೆ ಆಗಲೂ ಹೆಸರಿಲ್ಲ. ಅವರು ಬೇರೆ ಪಟ್ಟಿಯಲ್ಲಿ, ಒಡೆಯನ ಹೆಸರಿನ ಕೆಳಗೆ, ವಯಸ್ಸು ಮತ್ತು ಬಣ್ಣವಾಗಿ ಮಾತ್ರ ಉಳಿದಿದ್ದಾರೆ.

ಅಜ್ಜಿಯ ಮುತ್ತಜ್ಜ ಸಿಕ್ಕಿದ್ದು 1870ರ ಗಣತಿಯಲ್ಲಿ, ಕ್ಯಾನ್ಸಸ್‌ನ ತೆಂಕಣ ಅಂಚಿನ ಮಾಂಟ್ಗೊಮರಿ ಕೌಂಟಿಯಲ್ಲಿ. 'ಹುಟ್ಟಿದ ಸ್ಥಳ' ಎಂಬ ಅಂಕಣವನ್ನು ಮೇಲಿನಿಂದ ಕೆಳಗೆ ಓದಿದರೆ ಸಾಕು, ಆ ಸಂಸಾರ ನಡೆದು ಬಂದ ದಾರಿಯೇ ಕಾಣುತ್ತಿತ್ತು. ಗಂಡ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ, ಹೆಂಡತಿ ಒಹಾಯೊದಲ್ಲಿ, ಆರು ವರ್ಷದ ಮಗ ಮತ್ತು ಎರಡು ವರ್ಷದ ಮಗಳು ವಿಸ್ಕಾನ್ಸಿನ್‌ನಲ್ಲಿ, ಐದು ತಿಂಗಳ ಕೂಸು ಕ್ಯಾನ್ಸಸ್‌ನಲ್ಲಿ. ಆ ಕೂಸೇ ಅಜ್ಜಿಯ ತಾತ. 1825ರಲ್ಲಿ ಎರಿ ಕಾಲುವೆ ತೆರೆದ ಮೇಲೆ ನ್ಯೂಯಾರ್ಕ್ ಕಡೆಯ ಸಾವಿರಾರು ಬಡ ರೈತರು ಪಶ್ಚಿಮದ ಸರೋವರಗಳ ಸೀಮೆಗೆ ಹೋದರು. ಅಲ್ಲಿ ನೆಲ ತುಟ್ಟಿಯಾದಾಗ ಅವರ ಮಕ್ಕಳು ಇನ್ನೂ ಪಶ್ಚಿಮಕ್ಕೆ ಸರಿದರು. ಅಜ್ಜಿಯ ಮನೆಯವರೂ ಅದೇ ಹರಿವಿನಲ್ಲಿ ಬಂದವರು.

ಅದೇ ಹಾಳೆಯಲ್ಲಿ ನಾನು ಇನ್ನೊಂದನ್ನು ಗಮನಿಸಿದೆ. ಸ್ಥಿರಾಸ್ತಿಯ ಬೆಲೆ ಬರೆಯುವ ಅಂಕಣ ಖಾಲಿ ಇತ್ತು. ಆ ಮನೆಯದೊಂದೇ ಅಲ್ಲ, ನೆರೆಯ ಮನೆಗಳದ್ದೂ. ಆ ಕೌಂಟಿಯ ರಟ್ಲಂಡ್ ಟೌನ್‌ಶಿಪ್‌ನ ಗಣತಿದಾರ ಕಾರಣವನ್ನೂ ಬರೆದಿಟ್ಟಿದ್ದಾನೆ: ಈ ನೆಲ ಓಸೇಜ್ ಇಂಡಿಯನ್ನರದ್ದು, ನೆಲೆಸಿದವರಿಗೆ ಇದರ ಮೇಲೆ ಹಕ್ಕಿಲ್ಲ ಎಂದು. ಓದಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಮ್ಮೆ ಓದು" ಎಂದರು.

ಆ ಟೌನ್‌ಶಿಪ್‌ನ ಅದೇ ವರ್ಷದ ಗಣತಿಯಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಒಂದು ಸಂಸಾರವೂ ಇದೆ: ಚಾರ್ಲ್ಸ್ ಇಂಗಲ್ಸ್, ಹೆಂಡತಿ ಕ್ಯಾರೊಲಿನ್, ಮಕ್ಕಳು. ಅವರಲ್ಲಿ ಮೂರು ವರ್ಷದ ಲಾರಾ, ಮುಂದೆ ತನ್ನ ಅರವತ್ತರ ವಯಸ್ಸಿನಲ್ಲಿ ಆ ಬಾಲ್ಯವನ್ನು ಕಾದಂಬರಿಯಾಗಿಸಿದ ಲಾರಾ ಇಂಗಲ್ಸ್ ವೈಲ್ಡರ್. 'ಲಿಟ್ಲ್ ಹೌಸ್ ಆನ್ ದ ಪ್ರೇರಿ' ಹೊರಬಂದದ್ದು 1935ರಲ್ಲಿ. ನಮ್ಮ ಅಜ್ಜಿ ಅದನ್ನು ಪ್ರತಿ ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದಿದವರು. ನಾನೂ ನನ್ನ ಮಗಳಿಗೆ ರಾತ್ರಿ ಓದಿ ಹೇಳಿದ್ದೇನೆ. ಮರದ ದಿಮ್ಮಿಯ ಮನೆ, ಪಿಟೀಲು ನುಡಿಸುವ ಅಪ್ಪ, ಸುತ್ತ ಹುಲ್ಲಿನ ಕಡಲು, ಇವೆಲ್ಲ ನನಗೂ ಪ್ರಿಯವೇ.

ಆ ಕಾದಂಬರಿಯ ಕೊನೆಯಲ್ಲಿ ಸಂಸಾರ ಮನೆ ಬಿಟ್ಟು ಹೊರಡುತ್ತದೆ. ಸರ್ಕಾರ ಸೈನಿಕರನ್ನು ಕಳಿಸಿ ನೆಲೆಸಿದವರನ್ನು ಎಬ್ಬಿಸಲಿದೆ ಎಂಬ ಸುದ್ದಿಯೇ ಅದಕ್ಕೆ ಕಾರಣ. ಇತಿಹಾಸಕಾರರು ಕೊಡುವ ಕಾರಣ ಬೇರೆ. ವಿಸ್ಕಾನ್ಸಿನ್‌ನಲ್ಲಿ ಚಾರ್ಲ್ಸ್ ಮಾರಿ ಬಂದಿದ್ದ ಹೊಲದ ಹಣವನ್ನು ಕೊಂಡವನು ಪೂರ್ತಿ ಕೊಡಲಾಗದೆ ಹೋದ. 1871ರಲ್ಲಿ ಅವರು ಮರಳಿ ಅದೇ ಹೊಲಕ್ಕೆ ಹೋದರು. ಅಷ್ಟು ಹೊತ್ತಿಗೆ ಓಸೇಜರನ್ನು ಅಲ್ಲಿಂದ ಸಾಗಹಾಕುವುದು ನಿಶ್ಚಯವಾಗಿ, ಕ್ಯಾನ್ಸಸ್‌ನ ನೆಲ ಬಿಳಿಯರಿಗೆ ಸಿಗುವುದರಲ್ಲಿತ್ತು. ಆದರೂ ಮನೆತನದ ನೆನಪಿನಲ್ಲಿ ಉಳಿದದ್ದು ತಾವು ನೆಲ ಕಳೆದುಕೊಂಡವರು ಎಂಬುದು. ಯಾರೂ ಬೇಕೆಂದು ಸುಳ್ಳು ಹೇಳಿರಲಾರರು. ನಾಲ್ಕು ಬಾರಿ ಹೇಳಿದ ಮನೆಯ ಕಥೆ ತನಗೆ ನೋವಾಗದ ಆಕಾರಕ್ಕೆ ತಾನೇ ಬಂದು ಕೂರುತ್ತದೆ.

ದಾಖಲೆಗಳು ಹೇಳುವ ಕಥೆ ಇಷ್ಟು. 1865ರ ಒಪ್ಪಂದದಲ್ಲಿ ಓಸೇಜರು ತಮ್ಮ ನೆಲದ ದೊಡ್ಡ ಭಾಗವನ್ನು ಬಿಟ್ಟುಕೊಟ್ಟು, ಉಳಿದ ಪಟ್ಟಿಯೊಂದನ್ನು ತಮಗೆಂದು ಇಟ್ಟುಕೊಂಡರು. 1868ರಲ್ಲಿ ಆ ಪಟ್ಟಿಯನ್ನೂ ರೈಲು ಕಂಪನಿಯೊಂದಕ್ಕೆ ಕಡಿಮೆ ಬೆಲೆಗೆ ಕೊಡಿಸುವ ಒಪ್ಪಂದ ತಯಾರಾಯಿತು, ಸೆನೆಟ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಈ ಗೊಂದಲದ ನಡುವೆಯೇ ಜನ ಬಂಡಿ ಹೂಡಿಕೊಂಡು ಬಂದು ಗೂಟ ಹೊಡೆದರು. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಐದು ವರ್ಷ ಉತ್ತು ನೆಲೆಸಿದವರಿಗೆ 160 ಎಕರೆ ಸಿಗುತ್ತಿತ್ತು ನಿಜ. ಆದರೆ ಅದು ಸರ್ಕಾರಿ ನೆಲಕ್ಕೆ ಮಾತ್ರ, ಓಸೇಜರ ನೆಲ ಆಗ ಸರ್ಕಾರದ್ದಾಗಿರಲಿಲ್ಲ. ಓಸೇಜರು ಕಾಡೆಮ್ಮೆಯ ಬೇಟೆಗೆಂದು ಪಶ್ಚಿಮಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಿದ್ದರು. ಬರುವಷ್ಟರಲ್ಲಿ ಅವರ ಸೀಮೆಯಲ್ಲಿ ಹೊಸ ಮನೆಗಳೆದ್ದಿರುತ್ತಿದ್ದವು. ಕೊನೆಗೆ 1870ರ ಜುಲೈ 15ರಂದು ಅಮೆರಿಕದ ಸಂಸತ್ತು ಕಾಯ್ದೆ ಮಾಡಿತು. ಓಸೇಜರು ಅಲ್ಲಿಂದ ದಕ್ಷಿಣಕ್ಕೆ, ಇಂದಿನ ಓಕ್ಲಹೋಮಕ್ಕೆ ಹೋಗಬೇಕು. ನೆಲೆಸಿದವರು ಎಕರೆಗೆ ಒಂದೂಕಾಲು ಡಾಲರಿನಂತೆ ಕೊಂಡುಕೊಳ್ಳಬಹುದು. ಆ ಹಣದಲ್ಲೇ ಓಸೇಜರು ಚೆರೋಕಿಗಳಿಂದ ಹೊಸ ನೆಲ ಕೊಂಡರು.

ಅಜ್ಜಿಯ ಮುತ್ತಜ್ಜ ಬಂದದ್ದು 1869ರಲ್ಲಿ. ಆಮೇಲೆ 200 ಡಾಲರ್ ಕಟ್ಟಿ 160 ಎಕರೆಗೆ ಪಟ್ಟಾ ಪಡೆದರು. ಪಟ್ಟಾದ ನಕಲು ಅಜ್ಜಿಯ ಹಜಾರದಲ್ಲಿ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಪಟ್ಟಾದ ತಾರೀಖಿಗೂ ಅವರು ಬಂದ ವರ್ಷಕ್ಕೂ ನಡುವೆ ಇರುವ ಆ ಖಾಲಿ ಅಂಕಣದ ಬಗ್ಗೆ ಮನೆಯಲ್ಲಿ ಯಾರೂ ಯಾವತ್ತೂ ಮಾತಾಡಿರಲಿಲ್ಲ.

"ಇದನ್ನು ಪುಸ್ತಕದಲ್ಲಿ ಹಾಕಬೇಕೇ?" ಎಂದು ಅಜ್ಜಿ ಕೇಳಿದರು. ನಾನು ಉತ್ತರಿಸಲಿಲ್ಲ. ಅವರ ತಮ್ಮನ ಮಗ ಉತ್ತರಿಸಿದ. ಒಳ್ಳೆಯ ಮನುಷ್ಯ, ಚಳಿಗಾಲದಲ್ಲಿ ನಮ್ಮ ಅಂಗಳದ ಹಿಮವನ್ನೂ ಬಳಿದುಕೊಡುವವನು. "ಅವರು ಯಾರ ಮೇಲೂ ಗುಂಡು ಹಾರಿಸಲಿಲ್ಲ. ಬರಿಗೈಯಲ್ಲಿ ಬಂದು ಹುಲ್ಲುಗಾವಲು ಉತ್ತರು. ಕೇಳಿದಷ್ಟು ಹಣ ಕೊಟ್ಟರು. ಆಗಿನ ಕಾಲ ಹಾಗಿತ್ತು. ಸತ್ತವರನ್ನು ಕರೆಸಿ ಕಟಕಟೆಯಲ್ಲಿ ನಿಲ್ಲಿಸುವುದೇಕೆ?" ಎಂದ.

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಹುಟ್ಟುವ ಮೊದಲೇ ನಡೆದ ಕೆಲಸಕ್ಕೆ ಯಾರೂ ತಪ್ಪಿತಸ್ಥರಾಗುವುದಿಲ್ಲ. ಹಾಗೆ ಹೊಣೆ ಹೊರಿಸತೊಡಗಿದರೆ ಭೂಮಿಯ ಮೇಲೆ ನಿರಪರಾಧಿ ಮನೆತನ ಒಂದೂ ಉಳಿಯಲಾರದು. ಆದರೆ 'ಆಗಿನ ಕಾಲ ಹಾಗಿತ್ತು' ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಆಗಿನ ಕಾಲದವನೇ ಆದ ಗಣತಿದಾರ ನೆಲ ಯಾರದೆಂದು ಬರೆದ. ಆಗಿನ ಕಾಲದವನೇ ಆದ ಓಸೇಜರ ಸರ್ಕಾರಿ ಏಜೆಂಟ್ ಐಸಾಕ್ ಗಿಬ್ಸನ್, ಒಬ್ಬ ಕ್ವೇಕರ್, ನೆಲೆಸಿದವರ ಅತಿಕ್ರಮಣವನ್ನು ಕಟುವಾಗಿ ಖಂಡಿಸಿ ವರದಿ ಕಳಿಸಿದ. ಆಗಿನ ಕಾಲದವರೇ ಆದ ಓಸೇಜರಿಗೆ ಏನಾಗುತ್ತಿದೆಯೆಂದು ಚೆನ್ನಾಗಿ ಗೊತ್ತಿತ್ತು. 'ಆಗಿನ ಕಾಲ' ಎನ್ನುವಾಗ ನಾವು ಇವರನ್ನೆಲ್ಲ ಆ ಕಾಲದಿಂದ ಹೊರಗಿಟ್ಟು ಮಾತಾಡುತ್ತಿರುತ್ತೇವೆ.

ವೈಲ್ಡರ್ ಅವರ ಕಾದಂಬರಿಯಲ್ಲೂ ಇಂಥದೊಂದು ಮಾತಿತ್ತು. ಆ ಸೀಮೆಯಲ್ಲಿ ಇಂಡಿಯನ್ನರು ಬಿಟ್ಟರೆ ಜನರೇ ಇರಲಿಲ್ಲ ಎಂಬ ಅರ್ಥ ಬರುತ್ತಿತ್ತು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಕಾಗದ ಬರೆದರು. ಲೇಖಕಿ ತಪ್ಪನ್ನು ಒಪ್ಪಿಕೊಂಡರು, ಮುಂದಿನ ಮುದ್ರಣದಲ್ಲಿ 'ಜನರು' ಎಂಬಲ್ಲಿ 'ನೆಲೆಸಿಗರು' ಎಂದಾಯಿತು. ಒಂದೇ ಪದದ ತಿದ್ದುಪಡಿ. ಅಷ್ಟು ವರ್ಷ ಅದನ್ನು ಓದಿದ ಎಷ್ಟೋ ಮಂದಿಗೆ, ಒಳ್ಳೆಯವರಿಗೇ, ಅದು ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಚಿಕ್ಕವನಿದ್ದಾಗ ಧಾರವಾಡದ ಕಡೆಯ ನಮ್ಮ ಅಜ್ಜನ ಊರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ನಮ್ಮ ಹಿರಿಯರು ಯಾವ ಊರಿನಿಂದ ಎದ್ದು ಬಂದರು, ಯಾರಿಗೆ ಯಾರು ಹುಟ್ಟಿದರು ಎಂದು ತಡೆಯಿಲ್ಲದೆ ಹೇಳುತ್ತಿದ್ದರು. ಅಜ್ಜ ಜೋಳ ಅಳೆದು ಕೊಡುತ್ತಿದ್ದರು. ನಮ್ಮವರು ಈ ಊರಿಗೆ ಬರುವ ಮೊದಲು ಆ ಹೊಲ ಯಾರದಿತ್ತು ಎಂದು ಹೆಳವ ಹೇಳಿದ್ದು ನನಗೆ ನೆನಪಿಲ್ಲ. ನಾವು ಕೇಳಲೂ ಇಲ್ಲ. ಜೋಳ ಕೊಡುವವರ ಮುಂದೆ ಅಂಥ ಮಾತು ಹೇಗೆ ಬಂದೀತು? ಅಜ್ಜಿಯ ಮನೆಯಲ್ಲಿ ಟೈಪ್ ಮಾಡುತ್ತ ಕೂತಾಗ ನಾನೇ ಹೆಳವನಾಗಿದ್ದೆ. ಅವರು ಕೊಡುವ ಕಾಫಿ, ಸೇಬಿನ ಪೈ ನನ್ನ ಜೋಳ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ನಮ್ಮ ಮನೆ ಕೊಂಡಾಗ ಅದರ ಹಳೆಯ ಹಕ್ಕುಪತ್ರಗಳ ಕಟ್ಟೊಂದು ಸಿಕ್ಕಿತ್ತು. ಯಾರಿಂದ ಯಾರಿಗೆ ಮಾರಾಟವಾಯಿತೆಂಬ ಸಾಲುಸಾಲು ನಮೂದುಗಳು. ಮೊದಲ ನಮೂದು ಅಮೆರಿಕ ಸರ್ಕಾರದ್ದು, ಅದರ ಹಿಂದೆ ಏನೂ ಇಲ್ಲ. ವಿಚಿಟಾ ನಿಂತಿರುವ ನೆಲವೂ ಓಸೇಜರ ನೆಲವೇ. ಊರಿಗೆ ಹೆಸರು ಕೊಟ್ಟ ವಿಚಿಟಾ ಜನರನ್ನೂ ಓಕ್ಲಹೋಮಕ್ಕೇ ಕಳಿಸಲಾಯಿತು. ನಾನು ಸಾಲ ಮಾಡಿ, ತಿಂಗಳು ತಿಂಗಳು ಕಂತು ಕಟ್ಟಿ ಕೊಂಡ ಮನೆ ಇದು. ಮುತ್ತಜ್ಜನೂ 200 ಡಾಲರ್ ಕಟ್ಟಿಯೇ ಕೊಂಡಿದ್ದರಲ್ಲ. ಆ ಪಟ್ಟಿಯ ಕೊನೆಯ ಹೆಸರು ನನ್ನದು.

ಹೀಗೆ ಯೋಚಿಸುತ್ತ ನನಗೆ ತಿಳಿದದ್ದು ಇಷ್ಟು. ತಪ್ಪು ಆಸ್ತಿಯ ಹಾಗೆ ಮಕ್ಕಳಿಗೆ ಇಳಿದು ಬರುವುದಿಲ್ಲ. ಆದರೆ ಹೆಮ್ಮೆಯನ್ನು ಇಳಿಸಿಕೊಳ್ಳಲು ನಾವು ಯಾರೂ ಹಿಂಜರಿಯುವುದಿಲ್ಲ. ಮುತ್ತಜ್ಜನ ಧೈರ್ಯ 'ನಮ್ಮದು', ಅವರ ಬೆವರು 'ನಮ್ಮದು', ಆ ಖಾಲಿ ಅಂಕಣ ಮಾತ್ರ 'ಅವರ ಕಾಲದ್ದು'. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟರೆ ಅದು ಲೆಕ್ಕವಾಗುವುದಿಲ್ಲ. ವಂಶಾವಳಿ ಬರೆಯುವವನ ಮೇಲಿರುವುದು ತೀರ್ಪು ಕೊಡುವ ಭಾರವಲ್ಲ, ಪೂರ್ತಿ ಲೆಕ್ಕ ಒಪ್ಪಿಸುವ ಭಾರ. ಮತ್ತು ಪೂರ್ತಿ ಲೆಕ್ಕ ತಿಳಿದ ಮೇಲೂ ಅವರನ್ನು ಪ್ರೀತಿಸಬಹುದು. ಬಾಣಂತಿ ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ಕಟ್ಟಿಕೊಂಡು ಬಯಲಿನಲ್ಲಿ ಚಳಿಗಾಲ ಕಳೆದ ಬಡವನ ಮೇಲೆ ನನಗೆ ಇವತ್ತೂ ಮರುಕವಿದೆ.

ಇದನ್ನೆಲ್ಲ ನಾನು ಅಜ್ಜಿಗೆ ಹೇಳಲಿಲ್ಲ. ಅವರು ತಾವೇ ಬೇರೆ ದಾರಿಯಿಂದ ಉತ್ತರಕ್ಕೆ ಬಂದರು.

1870ರ ಗಣತಿಯಲ್ಲಿದ್ದ ಎರಡು ವರ್ಷದ ಮಗಳು 1880ರದ್ದರಲ್ಲಿ ಇರಲಿಲ್ಲ. ಮನೆಯ ಹಳೆಯ ಬೈಬಲ್ಲಿನ ಒಳಪುಟದಲ್ಲಿ, ಜ್ವರದಿಂದ ತೀರಿಕೊಂಡಳು ಎಂಬ ಒಂದು ಸಾಲಿದೆ. ಮಣ್ಣು ಮಾಡಿದ್ದು ಹೊಲದಲ್ಲೇ ಇರಬೇಕು. ಕೆಲವು ವರ್ಷಗಳ ನಂತರ ಸಂಸಾರ ಹೊಲ ಮಾರಿ ವಿಚಿಟಾದ ಕಡೆಗೆ, ಮತ್ತೆ ಪಶ್ಚಿಮಕ್ಕೆ, ಬಂದುಬಿಟ್ಟಿತು. ಆ ಸಮಾಧಿ ಎಲ್ಲಿದೆಯೆಂದು ಅಜ್ಜಿ ಇಪ್ಪತ್ತು ವರ್ಷ ಹುಡುಕಿದ್ದಾರೆ. ಮೂರು ಬಾರಿ ಆ ಹೊಲಕ್ಕೆ ಹೋಗಿ, ಈಗಿನ ಯಜಮಾನರ ಅಪ್ಪಣೆ ಪಡೆದು, ಹುಲ್ಲಿನಲ್ಲಿ ನಡೆದಾಡಿದ್ದಾರೆ.

ಒಂದು ಶನಿವಾರ ಓಸೇಜರ ಬಗ್ಗೆ ಓದುತ್ತಿದ್ದೆ. ಅವರು ಸತ್ತವರನ್ನು ಎತ್ತರದ ಗುಡ್ಡಗಳ ಮೇಲಿಟ್ಟು ಕಲ್ಲು ಒಟ್ಟುತ್ತಿದ್ದರು ಎಂಬಲ್ಲಿಗೆ ಬಂದಾಗ ಅಜ್ಜಿ ಕೈಯೆತ್ತಿ ನಿಲ್ಲಿಸಿದರು. "ಅವರೂ ಬಿಟ್ಟುಹೋದರಲ್ಲ" ಎಂದರು. "ನಮ್ಮವರು ಒಂದು ಬಿಟ್ಟು ಬಂದರು. ಅದಕ್ಕೇ ನಾನು ಇಪ್ಪತ್ತು ವರ್ಷ ಹುಡುಕಿದೆ. ಅವರು ಎಷ್ಟು ಬಿಟ್ಟುಹೋದರೋ."

ಆಮೇಲೆ ಅವರು ಹೇಳಿದರು, ನಾನು ಟೈಪ್ ಮಾಡಿದೆ. ನಾಲ್ಕೇ ವಾಕ್ಯ. ನಮ್ಮವರು ಬಂದಾಗ ಈ ನೆಲ ಓಸೇಜರದಾಗಿತ್ತು, ಅದು ನಮ್ಮವರಿಗೆ ತಿಳಿದಿರಬೇಕು. ಒಂದು ವರ್ಷದ ಮೇಲೆ ಕಾಯ್ದೆ ಬಂತು, ಓಸೇಜರು ತಮ್ಮ ಸತ್ತವರನ್ನು ಇಲ್ಲೇ ಬಿಟ್ಟು ಹೋದರು. ನಮ್ಮವರು ಹಣ ಕೊಟ್ಟು ಪಟ್ಟಾ ಪಡೆದರು. ನಮ್ಮ ಮನೆಯ ಒಂದು ಮಗುವೂ ಅದೇ ಮಣ್ಣಿನಲ್ಲಿದೆ.

ಕೂಟದಲ್ಲಿ ಪುಸ್ತಕ ಹಂಚಿದರು. ತಮ್ಮನ ಮಗ ಆ ಪುಟ ಓದಿ ಏನೂ ಹೇಳಲಿಲ್ಲವಂತೆ. ಈ ಚಳಿಗಾಲದಲ್ಲೂ ಬಂದು ನಮ್ಮ ಅಂಗಳದ ಹಿಮ ಬಳಿದ. ಹೋಗುವಾಗ, ಆ ಹೊಲ ಇಲ್ಲಿಂದ ಎಷ್ಟು ದೂರ, ದಾರಿ ಯಾವುದು ಎಂದು ಕೇಳಿಕೊಂಡು ಹೋದ.