ರ‍್ಯಾಮ್ ಬೇರೆ, ಸ್ಟೋರೇಜ್ ಬೇರೆ

‘ಲ್ಯಾಪ್‌ಟಾಪ್ ಸ್ಲೋ ಆಗಿದೆ, ಮೆಮೊರಿ ಫುಲ್ ಆಗಿರಬೇಕು’ ಎನ್ನುತ್ತ ಮನೆಯ ಹಳೆಯ ಫೋಟೊಗಳನ್ನೆಲ್ಲ ಅಳಿಸಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಫೋಟೊ ಹೋಯಿತು, ಯಂತ್ರ ಮಾತ್ರ ಮೊದಲಿನಷ್ಟೇ ನಿಧಾನ.

ಕೊಳ್ಳುವಾಗ ಅಂಗಡಿಯವರು ಎರಡು ಅಂಕಿ ಹೇಳುತ್ತಾರೆ: 8 ಜಿಬಿ, 512 ಜಿಬಿ. ಮೊದಲನೆಯದು ರ‍್ಯಾಮ್, ಎರಡನೆಯದು ಸ್ಟೋರೇಜ್. ಮೂಡಿಗೆರೆ, ಕಳಸದ ಬೆಳೆಗಾರರಿಗೆ ಇದು ಕಷ್ಟದ ವಿಷಯವೇ ಅಲ್ಲ. ರ‍್ಯಾಮ್ ಎಂದರೆ ಕಾಫಿ ಒಣಗಿಸುವ ಕಣ, ಸ್ಟೋರೇಜ್ ಎಂದರೆ ಗೋದಾಮು. ಕಣ ಚಿಕ್ಕದಾದರೆ ಕೆಲಸ ನಿಲ್ಲುತ್ತದೆ. ಆಗ ಗೋದಾಮಿನ ಮೂಟೆ ಹೊರಗೆ ಹಾಕಿ ಏನು ಪ್ರಯೋಜನ? ಕರೆಂಟ್ ಹೋಯಿತೆಂದರೆ ಕಣದಲ್ಲಿ ಹರವಿದ್ದು ಹಾಳು, ಗೋದಾಮಿನದು ಭದ್ರ. ಬ್ಯಾಟರಿ ಸತ್ತು, ಬರೀ ಚಾರ್ಜರ್ ಮೇಲೆ ಓಡುವ ಹಳೆಯ ಲ್ಯಾಪ್‌ಟಾಪಿನಲ್ಲಿ ಮಳೆಗಾಲದ ಸಂಜೆ ಆಳುಗಳ ಬಟವಾಡೆ ಲೆಕ್ಕ ಬರೆಯುವವರು ನಡುನಡುವೆ ಕಂಟ್ರೋಲ್ ಜೊತೆ ಎಸ್ ಒತ್ತುತ್ತಲೇ ಇರಬೇಕು. ಸೇವ್ ಎಂದರೆ ರ‍್ಯಾಮ್‌ನಲ್ಲಿರುವುದನ್ನು ಸ್ಟೋರೇಜ್‌ಗೆ ಸೇರಿಸುವುದು, ಅಷ್ಟೆ.

ಸ್ಟೋರೇಜ್ ಪೂರಾ ತುಂಬಿದರೂ ಯಂತ್ರ ಒದ್ದಾಡುತ್ತದೆ, ನಿಜ. ಯಾವುದು ಕಾರಣ ಎಂದು ಮನೆಯಲ್ಲೇ ನೋಡಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ‘ಮೆಮೊರಿ’ ಎಂದು ತೋರಿಸುವುದು ರ‍್ಯಾಮನ್ನು. ಅದು ಸದಾ ಶೇ 90ರ ಮೇಲೇ ಇದ್ದರೆ ರ‍್ಯಾಮ್ ಸಾಲುತ್ತಿಲ್ಲ. ಎಷ್ಟೋ ತೆಳು ಮಾದರಿಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡ್‌ಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಹಳೆಯದರಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ಅದರೊಳಗೆ ತಟ್ಟೆ ತಿರುಗುತ್ತಿರುತ್ತದೆ. ಘಾಟಿ ರಸ್ತೆಯಲ್ಲಿ ಜೀಪಿನೊಳಗೆ ಆನ್ ಮಾಡಿಟ್ಟುಕೊಂಡು ಹೋಗಬೇಡಿ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ಚುರುಕಾಗುತ್ತದೆ, ಕುಲುಕಾಟವನ್ನೂ ತಡೆದುಕೊಳ್ಳುತ್ತದೆ.

ಸ್ಟೋರೇಜ್‌ನಲ್ಲಿ ಉಳಿಸಿದ ಕನ್ನಡ ಕಡತ ಮುಂದೆಯೂ ಓದಲು ಬರಬೇಕಾದರೆ ಮೂಡಿಗೆರೆಯವರಿಗೆ ಇನ್ನೊಂದು ಹೆಸರು ಗೊತ್ತಿರಲೇಬೇಕು: ಯೂನಿಕೋಡ್. ಇದೇ ಊರಲ್ಲಿ ಕಾಫಿ ಬೆಳೆಯುತ್ತ, ಬರೆಯುತ್ತ ಇದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಂಡರು. ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕೆಂದು ಅವರಷ್ಟು ಗಟ್ಟಿಯಾಗಿ ಕೇಳಿದ ಸಾಹಿತಿಗಳು ಕಡಿಮೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳಲ್ಲಿ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಮುಂತಾದ ಲಿಪಿಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ‘ಕ’ ಎಲ್ಲಿ ತೆರೆದರೂ 3221. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಯೂನಿಕೋಡ್ ಕನ್ನಡ ಫಾಂಟ್‌ಗೆ ನಮ್ಮ ಗಂಗಾಮೂಲದಲ್ಲಿ ಹುಟ್ಟುವ ತುಂಗೆಯ ಹೆಸರಿದೆ ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಸಂಘದ ನಡಾವಳಿ, ತೋಟದ ಪತ್ರ, ಅಪ್ಪ ಟೈಪ್ ಮಾಡಿಟ್ಟ ನೆನಪುಗಳು ಹಳೆಯ ಫಾಂಟಿನಲ್ಲೇ ಉಳಿದಿದ್ದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಮೂಲ ಕಡತ ಅಳಿಸಬೇಡಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ತಪ್ಪು ನುಸುಳುತ್ತದೆ. ಪಕ್ಕದಲ್ಲಿಟ್ಟು ಒಂದು ಸಲ ಓದಿಕೊಳ್ಳಬೇಕಾಗುತ್ತದೆ.